ಚೀಟಿ ಓದಿದ ತಾಯಿ



ನಮ್ಮದು ಮಂಡ್ಯ ಜಿಲ್ಲೆಯ ಒಂದು ಪುಟ್ಟ ಹಳ್ಳಿ. ಸುತ್ತ ಕಬ್ಬಿನ ಗದ್ದೆ, ರಾಗಿ ಹೊಲ. ಊರ ನಡುವೆ ಕಿರಿಯ ಪ್ರಾಥಮಿಕ ಶಾಲೆ. ಎರಡು ಕೋಣೆ, ಒಂದು ಅಡುಗೆ ಮನೆ. ಅಂಗಳದಲ್ಲಿ ಒಂದು ಹೊಂಗೆ ಮರ. ಒಂದರಿಂದ ಐದನೇ ತರಗತಿಯವರೆಗೆ 24 ಮಕ್ಕಳು. ಹುಡುಗಿಯರು 13, ಹುಡುಗರು 11. ಕಲಿಸುವ ಮೇಷ್ಟ್ರುಗಳು ನಾವು ಇಬ್ಬರು. ಹಗಲು ಮಕ್ಕಳಿಗೆ ಪಾಠ ಹೇಳುತ್ತೇವೆ. ಸಂಜೆ ಅದೇ ಕೋಣೆಯಲ್ಲಿ ಅವರ ತಾಯಂದಿರಿಗೆ ಅಕ್ಷರ ಕಲಿಸುತ್ತೇವೆ.

ಈ ಪಾಠದಲ್ಲಿ ನಮ್ಮ ಶಾಲೆಯ ಕತೆ ಇದೆ. ಒಬ್ಬ ತಾಯಿಯ ಕತೆಯೂ ಇದೆ. ನಿಧಾನವಾಗಿ ಓದಿ.

ಆಟವೂ ಪಾಠವೇ

"ಮೇಷ್ಟ್ರೇ, ಮಕ್ಳು ಯಾವಾಗ್ಲೂ ಹೊರಗೇ ಇರ್ತಾವಲ್ಲ. ಪಾಠ ಯಾವಾಗ ಮಾಡ್ತೀರಿ?" ಎಂದು ಕೆಲವು ತಾಯಂದಿರು ಕೇಳುತ್ತಾರೆ. ಕೇಳುವುದು ಸರಿಯೇ. ಉತ್ತರ ಹೇಳಬೇಕಾದವರು ನಾವು.

ಶಾಲೆಯ ಹಿಂದೆ ಮಕ್ಕಳು ಕೈತೋಟ ಮಾಡಿದ್ದಾರೆ. ದಂಟು, ಬೆಂಡೆ, ಅವರೆ ಹಾಕಿದ್ದಾರೆ. ಪಾತಿಯ ಉದ್ದ ಎಷ್ಟು ಅಡಿ? ಒಂದು ಸಾಲಿಗೆ ಎಷ್ಟು ಬೀಜ? ಎಷ್ಟು ಮೊಳೆತವು? ಎಷ್ಟು ಮೊಳೆಯಲಿಲ್ಲ? ಅಳೆಯುವುದು, ಕೂಡುವುದು, ಕಳೆಯುವುದು ಎಲ್ಲ ಅಲ್ಲೇ ಆಗುತ್ತದೆ. ಕಿತ್ತ ಸೊಪ್ಪು ಮಧ್ಯಾಹ್ನದ ಸಾರಿಗೆ ಬೀಳುತ್ತದೆ. ತಾವೇ ಬೆಳೆದ ಸೊಪ್ಪನ್ನು ಮಕ್ಕಳು ತಟ್ಟೆಯಲ್ಲಿ ಬಿಡುವುದಿಲ್ಲ.

ವರ್ಷಕ್ಕೆ ಒಂದು ಸಲ ಮಕ್ಕಳ ಸಂತೆ ಇಡುತ್ತೇವೆ. ಮಕ್ಕಳು ಮನೆಯಿಂದ ಕಾಯಿಪಲ್ಲೆ, ನಿಂಬೆಹಣ್ಣು, ತೆಂಗಿನಕಾಯಿ ತರುತ್ತಾರೆ. ಹೊಂಗೆ ಮರದ ಕೆಳಗೆ ಗೋಣಿಚೀಲ ಹಾಸಿ ಮಾರುತ್ತಾರೆ. 50 ರೂಪಾಯಿ ಕೊಟ್ಟರೆ ಚಿಲ್ಲರೆ ಎಷ್ಟು ಕೊಡಬೇಕು? ತಪ್ಪಿದರೆ ಗಂಟು ಹೋಗುತ್ತದೆ. ಹಾಗಾಗಿ ಲೆಕ್ಕ ಬೇಗ ಬರುತ್ತದೆ.

ಊರ ಹೊರಗೂ ಪಾಠ ಇದೆ. ಅಂಚೆ ಕಚೇರಿ ನೋಡುತ್ತೇವೆ. ಕೆರೆ ನೋಡುತ್ತೇವೆ. ವರ್ಷಕ್ಕೊಮ್ಮೆ ಬಸ್ಸು ಹತ್ತಿ ದೂರ ಹೋಗುತ್ತೇವೆ. ಇದನ್ನು ಹೊರಸಂಚಾರ ಎನ್ನುತ್ತಾರೆ.

ಖಾಲಿ ಹಾಳೆ

ಒಂದು ವರ್ಷ ಮಕ್ಕಳನ್ನು ಶಿವನಸಮುದ್ರಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಕಾವೇರಿ ಎತ್ತರದಿಂದ ಧುಮುಕುತ್ತಾಳೆ. ಆ ನೀರಿನ ಬಲದಿಂದ 1902ರಲ್ಲೇ ಅಲ್ಲಿ ಕರೆಂಟು ತಯಾರಾಯಿತು. ಆ ಕರೆಂಟು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ನೀರಿನಿಂದ ಕರೆಂಟು ಹೇಗೆ ಬರುತ್ತದೆ ಎಂದು ಮಕ್ಕಳು ದಾರಿಯುದ್ದಕ್ಕೂ ಕೇಳಿದರು.

ಮಾರನೆಯ ದಿನ ಎಲ್ಲರೂ ಜಲಪಾತದ ಚಿತ್ರ ಬರೆದರು. ಮೂರನೇ ತರಗತಿಯ ಒಬ್ಬ ಹುಡುಗಿಯ ಹಾಳೆ ಮಾತ್ರ ಖಾಲಿ ಇತ್ತು. ಅವಳು ಬಂದಿರಲಿಲ್ಲ. ಅವಳ ಒಪ್ಪಿಗೆ ಚೀಟಿಗೆ ಸಹಿ ಆಗಿರಲಿಲ್ಲ. ಮನೆಯವರಿಗೆ ಇಷ್ಟವಿಲ್ಲ ಎಂದು ನಾವು ಅಂದುಕೊಂಡೆವು. ಮನೆಗೆ ಹೋಗಿ ವಿಚಾರಿಸಲಿಲ್ಲ.

ಕೆಲವು ತಿಂಗಳು ಕಳೆದವು. ಆ ಹುಡುಗಿಯ ತಾಯಿ ಸಂಜೆ ಪಾಠಕ್ಕೆ ಬರತೊಡಗಿದರು. ಒಂದು ದಿನ ಅವರೇ ಹೇಳಿದರು:

"ಹಿಂದೆ ಒಂದ್ಸಲ ಯಾವ್ದೋ ಕಾಗ್ದಕ್ಕೆ ಹೆಬ್ಬೆಟ್ಟು ಒತ್ತಿ ಸಾಲಕ್ಕೆ ಸಿಕ್ಕಾಕ್ಕೊಂಡಿದ್ದೆ ಮೇಷ್ಟ್ರೇ. ನೀವು ಚೀಟಿ ಕಳ್ಸಿದ್ರಿ. ಮಗಳು ಟೂರು ಅಂದ್ಲು. ಟೂರಿಗೆ ಸೈನ್ ಯಾಕೆ ಅಂತ ತಿಳೀನಿಲ್ಲ. ಭಯ ಆಯ್ತು. ಮಡಚಿ ಇಟ್ಬಿಟ್ಟೆ. ಅವಳು ಅವತ್ತೆಲ್ಲ ಅತ್ತಳು."

ನಾವು ತಲೆ ತಗ್ಗಿಸಿದೆವು. ತಪ್ಪು ನಮ್ಮದು. ಓದಲು ಬಾರದವರ ಕೈಗೆ ಚೀಟಿ ಕೊಟ್ಟು ನಮ್ಮ ಕೆಲಸ ಮುಗಿಯಿತು ಎಂದುಕೊಂಡಿದ್ದೆವು.

ಮುಂದಿನ ವರ್ಷದ ಚೀಟಿ

ಮುಂದಿನ ವರ್ಷ ಜನವರಿ ಬಂತು. ಕೊಕ್ಕರೆ ಬೆಳ್ಳೂರಿಗೆ ಹೋಗುವುದೆಂದು ಗೊತ್ತಾಯಿತು. ಮನೆಮನೆಗೆ ಚೀಟಿ ಹೋಯಿತು. ಚೀಟಿ ಹೀಗಿತ್ತು. ನೀವೂ ಓದಿ:

*ಪೋಷಕರಿಗೆ ನಮಸ್ಕಾರ. ಬರುವ ಶನಿವಾರ ಮಕ್ಕಳನ್ನು ಕೊಕ್ಕರೆ ಬೆಳ್ಳೂರಿಗೆ ಹೊರಸಂಚಾರ ಕರೆದುಕೊಂಡು ಹೋಗುತ್ತೇವೆ. ಬೆಳಿಗ್ಗೆ 7 ಗಂಟೆಗೆ ಶಾಲೆಯ ಹತ್ತಿರ ಬರಬೇಕು. ಬಸ್ಸಿಗೆ ಪ್ರತಿ ಮಗುವಿಗೆ 40 ರೂಪಾಯಿ ಕಳಿಸಬೇಕು. ನೀರಿನ ಬಾಟಲಿ ತರಬೇಕು. ಒಪ್ಪಿಗೆ ಇದ್ದರೆ ಕೆಳಗೆ ಸಹಿ ಮಾಡಿ.*
*ಮುಖ್ಯ ಶಿಕ್ಷಕರು*

ಆ ತಾಯಿ ರಾತ್ರಿ ಮುದ್ದೆ ತೊಳೆಸಿ, ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದು ಕುಳಿತರು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಮತ್ತೊಮ್ಮೆ ಓದಿದರು. ಮಗಳು ಪಕ್ಕದಲ್ಲೇ ಕಾಯುತ್ತಿದ್ದಳು. ಆದರೂ ಸಹಿ ಹಾಕಲಿಲ್ಲ.

ಬೆಳಿಗ್ಗೆ ಕಳೆ ಕೀಳಲು ಹೋಗುವ ಮೊದಲು ಶಾಲೆಗೆ ಬಂದರು. ಕೈಯಲ್ಲಿ ಚೀಟಿ ಇತ್ತು.

"ಓದ್ದೆ ಮೇಷ್ಟ್ರೇ. ಸೈನ್ ಹಾಕಿಲ್ಲ."

"ಯಾಕವ್ವ?"

"ಏಳು ಗಂಟೆಗೆ ಹೋಯ್ತೀವಿ ಅಂತ ಬರ್ದಿದೀರಿ. ವಾಪಸ್ ಎಷ್ಟೊತ್ತಿಗೆ ಬತ್ತೀರಿ ಅಂತ ಬರ್ದೇ ಇಲ್ವಲ್ಲ?"

ನಾವು ಚೀಟಿ ನೋಡಿದೆವು. ನಿಜ, ಬರೆದಿರಲಿಲ್ಲ.

"ಹದಿಮೂರು ಜನ ಹೆಣ್ಮಕ್ಳು. ನೀವಿಬ್ರೂ ಗಂಡಸ್ರು. ಜೊತೇಲಿ ಹೆಂಗಸ್ರು ಯಾರು ಬತ್ತಾರೆ?"

ಅದನ್ನು ನಾವು ಯೋಚಿಸಿರಲೇ ಇಲ್ಲ.

"ಇನ್ನೊಂದು ಮಾತು. ಸರ್ಕಾರಿ ಬಸ್ಸಲ್ಲಿ ನಾನು ಮದ್ದೂರಿಗೆ ಹೋಗಿ ಬಂದ್ರೆ ದುಡ್ಡು ತಗೊಳಲ್ಲ. ಹುಡ್ಗೀರಿಗೆ ಯಾಕೆ ನಲವತ್ತು ರೂಪಾಯಿ?"

ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಗಿತ್ತು. ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಹಣ ಇರಲಿಲ್ಲ. ನಾವು ಹಳೆಯ ಚೀಟಿಯನ್ನು ನೋಡಿ ಹಾಗೇ ನಕಲು ಮಾಡಿದ್ದೆವು. ಹಳೆಯ ತಪ್ಪು ಹೊಸ ಚೀಟಿಗೂ ಬಂದಿತ್ತು.

"ತಪ್ಪಾಯ್ತವ್ವ, ಬೇರೆ ಚೀಟಿ ಬರೀತೀವಿ" ಎಂದೆವು.

ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಹೆಂಗಸ್ರು ಬೇಕು ಅಂದ್ರೆ ನಾನೇ ಬತ್ತೀನಿ. ಒಂದಿನದ ಕೂಲಿ ಹೋಗ್ಲಿ."

ಅವರು ಬರುತ್ತಾರೆಂದು ಕೇಳಿ ಇನ್ನಿಬ್ಬರು ತಾಯಂದಿರು ಹೊರಟರು. ಅಡುಗೆ ಮಾಡುವ ಅವ್ವನೂ ಹೊರಟರು. ನಾವಿಬ್ಬರೂ ಸೇರಿ ದೊಡ್ಡವರು ಆರು ಜನ ಆದೆವು. ಹೊಸ ಚೀಟಿಯಲ್ಲಿ ಹೀಗೆ ಬರೆದೆವು: ಸಂಜೆ 5 ಗಂಟೆಗೆ ವಾಪಸ್. ಹುಡುಗಿಯರು ಹಣ ತರಬೇಕಾಗಿಲ್ಲ. ಜೊತೆಯಲ್ಲಿ ನಾಲ್ವರು ಹೆಂಗಸರು ಇರುತ್ತಾರೆ.

ಈ ಸಲ 24 ಚೀಟಿಗಳೂ ಸಹಿಯಾಗಿ ಬಂದವು.

ತವರಿಗೆ ಬರುವ ಹಕ್ಕಿಗಳು

ಶನಿವಾರ ಬಸ್ಸು ಬಂತು. ಎದುರಿನ ಬೋರ್ಡನ್ನು ಆ ತಾಯಿಯೇ ಓದಿದರು. "ಮದ್ದೂರು. ಹತ್ರಿ ಮಕ್ಳಾ" ಎಂದರು. ಮೊದಲೆಲ್ಲ ಅವರು ಬಸ್ಸು ಯಾವುದೆಂದು ಪಕ್ಕದವರನ್ನು ಕೇಳುತ್ತಿದ್ದರು. ಮದ್ದೂರಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದೆವು. ಹತ್ತುವಾಗ ಒಂದು ಸಲ, ಇಳಿದ ಮೇಲೆ ಒಂದು ಸಲ ಮಕ್ಕಳನ್ನು ಎಣಿಸಿದೆವು.

ಕೊಕ್ಕರೆ ಬೆಳ್ಳೂರು ಮದ್ದೂರು ತಾಲ್ಲೂಕಿನ ಹಳ್ಳಿ. ಹತ್ತಿರದಲ್ಲೇ ಶಿಂಷಾ ನದಿ ಹರಿಯುತ್ತದೆ. ಅಲ್ಲಿ ಹಕ್ಕಿಗಳು ಗೂಡು ಕಟ್ಟುವುದು ಕಾಡಿನಲ್ಲಿ ಅಲ್ಲ, ಊರೊಳಗೆ. ಮನೆ ಹಿತ್ತಲಿನ ಹುಣಸೆ ಮರ, ಬೀದಿ ಪಕ್ಕದ ಆಲದ ಮರ, ಎಲ್ಲ ಕಡೆ ಗೂಡು. ಕೆಳಗೆ ಹೆಂಗಸರು ಪಾತ್ರೆ ತೊಳೆಯುತ್ತಿದ್ದರು. ಮೇಲೆ ಹಕ್ಕಿಗಳು ಮರಿಗೆ ಗುಟುಕು ಕೊಡುತ್ತಿದ್ದವು. ಒಬ್ಬರಿಗೆ ಒಬ್ಬರ ಭಯ ಇರಲಿಲ್ಲ.

ಅಲ್ಲಿ ಮುಖ್ಯವಾಗಿ ಎರಡು ಜಾತಿಯ ಹಕ್ಕಿಗಳು. ಒಂದು ಹೆಜ್ಜಾರ್ಲೆ. ಅದರ ಕೊಕ್ಕಿನ ಕೆಳಗೆ ಚೀಲ ಇರುತ್ತದೆ. ಆ ಚೀಲದಿಂದ ಮೀನು ಹಿಡಿಯುತ್ತದೆ. ಇನ್ನೊಂದು ಬಣ್ಣದ ಕೊಕ್ಕರೆ. ಅದರ ರೆಕ್ಕೆಯ ಹಿಂಭಾಗದಲ್ಲಿ ಗುಲಾಬಿ ಬಣ್ಣ ಇರುತ್ತದೆ. ಚಳಿಗಾಲದಲ್ಲಿ ಬಂದು ಗೂಡು ಕಟ್ಟಿ, ಮೊಟ್ಟೆ ಇಟ್ಟು, ಮರಿ ಬೆಳೆಸುತ್ತವೆ. ಮಳೆಗಾಲ ಹಿಡಿಯುವ ಹೊತ್ತಿಗೆ ಮರಿಗಳ ಜೊತೆ ಹಾರಿ ಹೋಗುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರಿನವರು ಈ ಹಕ್ಕಿಗಳನ್ನು ಪ್ರೀತಿಯಿಂದ ಕಾಣುತ್ತಾರೆ. ಹಕ್ಕಿ ಬಂದರೆ ಊರಿಗೆ ಒಳ್ಳೆಯದು ಎಂಬ ನಂಬಿಕೆಯೂ ಇದೆ.

ಊರಿಗೆ ಲಾಭವೂ ಉಂಟು. ಮರದ ಕೆಳಗೆ ಬೀಳುವ ಹಿಕ್ಕೆಯನ್ನು ಮಣ್ಣಿನ ಜೊತೆ ಬೆರೆಸಿ ಹೊಲಕ್ಕೆ ಗೊಬ್ಬರ ಮಾಡುತ್ತಾರೆ. ಗೂಡಿರುವ ಮರದಲ್ಲಿ ಹುಣಸೆ ಕೀಳದೆ ಬಿಟ್ಟವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂತು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು ಮೀನು ಹಾಕಿ ಸಾಕುತ್ತಾರೆ. 2007ರಲ್ಲಿ ಈ ಊರನ್ನು ಸಮುದಾಯ ಮೀಸಲು ಎಂದು ಸರ್ಕಾರ ಘೋಷಿಸಿತು. ಊರ ಜನರೇ ಸೇರಿ ಕಾಪಾಡುವ ಜಾಗ ಎಂದು ಇದರ ಅರ್ಥ.

ಹೆಜ್ಜಾರ್ಲೆ ರೆಕ್ಕೆ ಬಿಚ್ಚಿದರೆ 7ರಿಂದ 8 ಅಡಿ ಅಗಲ. ಮಕ್ಕಳು ಹಗ್ಗದಲ್ಲಿ 8 ಅಡಿ ಅಳೆದು ನೆಲದ ಮೇಲೆ ಗೆರೆ ಎಳೆದರು. ಆ ಗೆರೆಯ ಮೇಲೆ ಇಬ್ಬರು ಹುಡುಗಿಯರು ಕೈ ಚಾಚಿ ನಿಂತರು. ಆಗ "ಅಬ್ಬಾ" ಎಂದರು. ಮಧ್ಯಾಹ್ನ ಎಲ್ಲರೂ ಕೂತು ಚಿತ್ರಾನ್ನ ತಿಂದೆವು. ಬೀಳಿಸಿದ ಕಾಗದ ಎಲ್ಲ ಆಯ್ದು ಚೀಲಕ್ಕೆ ತುಂಬಿದೆವು. ಸಂಜೆ 5 ಗಂಟೆಗೆ ಹತ್ತು ನಿಮಿಷ ಇರುವಾಗ ಊರು ಮುಟ್ಟಿದೆವು.

ಸೋಮವಾರ ಮಕ್ಕಳು ಗೋಡೆ ಪತ್ರಿಕೆ ಮಾಡಿದರು. ಆ ಹುಡುಗಿ ಬರೆದದ್ದು ಮೂರೇ ಸಾಲು:

"ನಾನು ಹೆಜ್ಜಾರ್ಲೆ ನೋಡಿದೆ. ಅವ್ವನೂ ನೋಡಿದಳು. ಬಸ್ಸಿನ ಬೋರ್ಡು ಅವ್ವನೇ ಓದಿದಳು."

ಸಂಜೆ ಪಾಠಕ್ಕೆ ಬಂದ ತಾಯಿ ಗೋಡೆಯ ಮುಂದೆ ನಿಂತು ಅದನ್ನು ಎರಡು ಸಲ ಓದಿದರು. ಸೆರಗಿನಿಂದ ಕಣ್ಣು ಒರೆಸಿಕೊಂಡು ಬಂದು ಚಾಪೆಯ ಮೇಲೆ ಕುಳಿತರು.

ಐದು ಬೆರಳು, ಐದು ಪ್ರಶ್ನೆ

ಶಾಲೆಯಿಂದ ಚೀಟಿ ಬಂದರೆ ಹೆದರಬೇಡಿ. ಓದಿ. ಬೆರಳು ಮಡಚಿ ಈ ಐದು ಪ್ರಶ್ನೆ ಕೇಳಿ:

1. ಎಲ್ಲಿಗೆ ಹೋಗುತ್ತಾರೆ?
2. ಎಷ್ಟು ಹೊತ್ತಿಗೆ ಹೋಗಿ ಎಷ್ಟು ಹೊತ್ತಿಗೆ ಬರುತ್ತಾರೆ?
3. ಮಕ್ಕಳ ಜೊತೆ ಯಾರು ಇರುತ್ತಾರೆ?
4. ಹಣ ಎಷ್ಟು? ಯಾಕೆ?
5. ಮಗು ಏನು ತರಬೇಕು?

ಒಂದಕ್ಕೆ ಉತ್ತರ ಸಿಗದಿದ್ದರೂ ಶಾಲೆಗೆ ಬಂದು ಕೇಳಿ. ಕೇಳಿದರೆ ಮೇಷ್ಟ್ರು ಬೇಸರ ಮಾಡಿಕೊಳ್ಳಬಾರದು. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಓದಿ ಸರಿ ಎನಿಸಿದರೆ ಧೈರ್ಯವಾಗಿ ಸಹಿ ಹಾಕಿ. ಮಗಳನ್ನು ಕಳಿಸಿ.

ಕೇಳುವುದು ನಿಮ್ಮ ಹಕ್ಕು. ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಆಯಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಇದರಂತೆ ಸರ್ಕಾರಿ ಶಾಲೆಗೆ ಒಂದು ಸಮಿತಿ ಇರಬೇಕು. ನಮ್ಮಲ್ಲಿ ಅದನ್ನು ಎಸ್.ಡಿ.ಎಂ.ಸಿ. ಎನ್ನುತ್ತಾರೆ. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಮಕ್ಕಳ ತಂದೆ ತಾಯಂದಿರು ಇರಬೇಕು. ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು ಇರಬೇಕು. ಸಭೆಗೆ ಹೋಗಿ. ಅಲ್ಲಿಯ ಪುಸ್ತಕದಲ್ಲಿ ಏನು ಬರೆದಿದ್ದಾರೆ ಎಂದು ಓದಿ, ಆಮೇಲೆ ಸಹಿ ಮಾಡಿ.

ಹೊಸ ಪದಗಳು

ಹೊರಸಂಚಾರ, ಒಪ್ಪಿಗೆ, ಪೋಷಕರು, ಹೆಜ್ಜಾರ್ಲೆ, ಪರಿಹಾರ, ಸಮುದಾಯ, ಸಮಿತಿ

ಓದಿ, ಉತ್ತರ ಹೇಳಿ

1. ಮೊದಲ ವರ್ಷ ತಾಯಿ ಚೀಟಿಗೆ ಹೆಬ್ಬೆಟ್ಟು ಯಾಕೆ ಒತ್ತಲಿಲ್ಲ?
2. ಎರಡನೆಯ ವರ್ಷದ ಚೀಟಿಯಲ್ಲಿ ತಾಯಿ ಕಂಡ ಮೂರು ತಪ್ಪು ಯಾವುವು?
3. ಹಕ್ಕಿಗಳಿಂದ ಕೊಕ್ಕರೆ ಬೆಳ್ಳೂರಿಗೆ ಏನು ಲಾಭ?

ಲೆಕ್ಕ ಮಾಡಿ

1. ಮಕ್ಕಳು 24. ದೊಡ್ಡವರು 6. ಒಬ್ಬೊಬ್ಬರು ಎಷ್ಟು ಮಕ್ಕಳನ್ನು ನೋಡಿಕೊಳ್ಳಬೇಕು?
2. 24 ಮಕ್ಕಳೂ 40 ರೂಪಾಯಿ ಕೊಟ್ಟಿದ್ದರೆ ಒಟ್ಟು ಎಷ್ಟು? 11 ಹುಡುಗರು ಮಾತ್ರ ಕೊಟ್ಟರೆ ಎಷ್ಟು? ಉಳಿದ ಹಣ ಎಷ್ಟು?

ನೀವೇ ಬರೆಯಿರಿ

ನಿಮ್ಮ ಮಗು ಶಾಲೆಯಿಂದ ಎಲ್ಲಿಗೆ ಹೋಗಬೇಕೆಂದು ನಿಮಗೆ ಆಸೆ? ಮೇಷ್ಟ್ರಿಗೆ ಮೂರು ಸಾಲಿನ ಚೀಟಿ ಬರೆಯಿರಿ. ಕೆಳಗೆ ನಿಮ್ಮ ಹೆಸರು ಬರೆಯಿರಿ. ಮಗುವಿನ ಕೈಯಲ್ಲಿ ಕಳಿಸಿ.