ಪದವೀಧರನೂ ಪರದೇಶದ ಉದ್ಯೋಗವೂ

ದುಡಿಮೆಗಾಗಿ ಕಡಲು ದಾಟುವುದು ನಮ್ಮ ನಾಡಿಗೆ ಹೊಸತಲ್ಲ. 1973ರ ಅನಂತರ ಕಚ್ಚಾತೈಲದ ಬೆಲೆ ಏರಿ ಕೊಲ್ಲಿ ರಾಷ್ಟ್ರಗಳು ಸಿರಿವಂತವಾದಾಗ, ಅಲ್ಲಿಯ ರಸ್ತೆ, ಬಂದರು, ಕಟ್ಟಡಗಳ ನಿರ್ಮಾಣಕ್ಕೆಂದು ಭಾರತದಿಂದ ಅಸಂಖ್ಯ ಜನರು ಹೊರಟರು. ನಮ್ಮ ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಹೋದವರೂ ಅನೇಕರು. ಅವರ ಬೆನ್ನ ಹಿಂದೆಯೇ ದಲ್ಲಾಳಿಗಳೂ ಹುಟ್ಟಿಕೊಂಡರು. ಇಲ್ಲದ ಕೆಲಸವನ್ನು ಉಂಟೆಂದು ಹೇಳಿ ಹಣ ಪಡೆಯುವುದು, ಇಲ್ಲಿ ಒಂದು ಸಂಬಳ ಹೇಳಿ ಅಲ್ಲಿ ಅದರ ಅರ್ಧವನ್ನು ಕೊಡಿಸುವುದು ಇವರಲ್ಲಿ ಹಲವರ ಕಸುಬಾಯಿತು. ಹೊರನಾಡಿಗೆ ದುಡಿಯಲು ಹೋಗುವವರ ರಕ್ಷಣೆಗಾಗಿ ಸಂಸತ್ತು 1983ರಲ್ಲಿ ವಲಸೆ ಕಾಯಿದೆಯನ್ನು ರಚಿಸಿತು.

ಈ ಏರ್ಪಾಡು ನಡೆಯುವ ಬಗೆಯನ್ನು ನೀವು ತಿಳಿದಿರುವುದು ಒಳ್ಳೆಯದು. ಏಕೆಂದರೆ ನೀವು ಬರುವ ವರ್ಷ ಬರೆಯಲಿರುವ ಪರೀಕ್ಷೆಗೂ ಅದಕ್ಕೂ ನೇರವಾದ ಸಂಬಂಧವುಂಟು. ಹತ್ತನೆಯ ತರಗತಿಯನ್ನು ಮುಗಿಸದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ‘ವಲಸೆ ತಪಾಸಣೆ ಅಗತ್ಯ’ ಎಂಬ ಒಕ್ಕಣೆಯಿರುತ್ತದೆ. ಅಂಥವರು ಗೊತ್ತುಪಡಿಸಿದ ಹದಿನೆಂಟು ರಾಷ್ಟ್ರಗಳಿಗೆ ಉದ್ಯೋಗಕ್ಕಾಗಿ ಹೋಗಬೇಕಾದರೆ ವಲಸೆ ರಕ್ಷಣಾಧಿಕಾರಿಯ ಒಪ್ಪಿಗೆಯನ್ನು ಪಡೆಯಬೇಕು. ಕೆಲಸದ ಒಪ್ಪಂದಪತ್ರವನ್ನು ಆ ಅಧಿಕಾರಿಯ ಮುಂದಿಡಬೇಕು. ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದವರಿಗೆ ಈ ತಪಾಸಣೆ ಇಲ್ಲ. ಓದು ಬಲ್ಲವನು ತನ್ನ ಒಪ್ಪಂದವನ್ನು ತಾನೇ ಓದಿ ಅರಿಯುವನೆಂಬುದು ಇದರ ಹಿಂದಿರುವ ನಂಬಿಕೆ. (ದಾದಿಯರ ವಿಷಯ ಬೇರೆ, ಅವರು ಎಷ್ಟೇ ಓದಿದ್ದರೂ ಈ ರಾಷ್ಟ್ರಗಳಿಗೆ ಹೋಗಲು ಒಪ್ಪಿಗೆ ಬೇಕೆಂದು 2015ರಲ್ಲಿ ನಿಯಮವಾಯಿತು.) ಹೀಗೆ ಪದವೀಧರನು ಹೊರಟಾಗ ಅವನ ಕಾಗದಪತ್ರಗಳನ್ನು ಪರೀಕ್ಷಿಸುವ ಅಧಿಕಾರಿ ಅವನೇ ಆಗಿರುತ್ತಾನೆ.

ಆ ನಂಬಿಕೆ ಎಷ್ಟು ದೃಢವಾದುದು? 2022ರ ಸೆಪ್ಟೆಂಬರ್ 24ರಂದು ನಮ್ಮ ವಿದೇಶಾಂಗ ಸಚಿವಾಲಯವು ಒಂದು ಎಚ್ಚರಿಕೆಯನ್ನು ಹೊರಡಿಸಿತು. ಗಣಕಯಂತ್ರದ ವಿದ್ಯೆ ಬಲ್ಲ ಯುವಕರಿಗೆ ಥಾಯ್ಲೆಂಡಿನಲ್ಲಿ ಒಳ್ಳೆಯ ಸಂಬಳದ ಹುದ್ದೆಗಳಿವೆಯೆಂದು ಸಾಮಾಜಿಕ ಜಾಲತಾಣಗಳಲ್ಲಿ ಪ್ರಕಟಣೆಗಳು ಬರುತ್ತಿದ್ದವು. ನಂಬಿ ಹೋದವರನ್ನು ಗಡಿ ದಾಟಿಸಿ, ಬಹುಮಟ್ಟಿಗೆ ಮ್ಯಾನ್ಮಾರಿಗೆ ಕೊಂಡೊಯ್ದು, ಸೆರೆಯಲ್ಲಿಟ್ಟು ದುಡಿಸಲಾಗುತ್ತಿತ್ತು. ಅಂತರ್ಜಾಲದ ಮೂಲಕ ಪರರನ್ನು ವಂಚಿಸುವುದೇ ಅಲ್ಲಿ ಅವರಿಗೆ ಕೊಟ್ಟ ಕೆಲಸ! 2025ರ ಮಾರ್ಚ್ ತಿಂಗಳಲ್ಲಿ ಇಂಥ ಕೇಂದ್ರಗಳಿಂದ ಬಿಡುಗಡೆಯಾದ 549 ಮಂದಿ ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಥಾಯ್ಲೆಂಡ್ ಮೇಲೆ ಹೇಳಿದ ಹದಿನೆಂಟು ರಾಷ್ಟ್ರಗಳಲ್ಲೊಂದು. ಹತ್ತನೆಯ ತರಗತಿ ಮುಗಿಸದ ಕೂಲಿಗಾರನು ಅಲ್ಲಿಗೆ ಕೆಲಸಕ್ಕೆಂದು ಹೊರಟಿದ್ದರೆ ಅವನ ಒಪ್ಪಂದಪತ್ರ ಎಲ್ಲಿ ಎಂದು ಯಾರಾದರೂ ಕೇಳುತ್ತಿದ್ದರು. ಓದಿದವನನ್ನು ಯಾರೂ ಕೇಳಲಿಲ್ಲ.

ಹಾಗೆಂದ ಮಾತ್ರಕ್ಕೆ ಹೊರನಾಡಿನಲ್ಲಿ ನಿಜವಾದ ಹುದ್ದೆಗಳು ಇಲ್ಲವೆಂದಲ್ಲ. ಅವುಗಳನ್ನು ಹುಡುಕುವ ತಾಣ ಯಾವುದು ಎಂಬುದೇ ಮುಖ್ಯವಾದ ಪ್ರಶ್ನೆ. ಅನೇಕ ರಾಷ್ಟ್ರಗಳ ಸರ್ಕಾರಗಳು ತಮ್ಮಲ್ಲಿ ಖಾಲಿಯಿರುವ ಹುದ್ದೆಗಳ ಪಟ್ಟಿಯನ್ನು ತಾವೇ ಪ್ರಕಟಿಸುತ್ತವೆ. ಕೆನಡಾದಲ್ಲಿ ‘ಜಾಬ್ ಬ್ಯಾಂಕ್’ ಎಂಬುದುಂಟು. ಯುರೋಪಿನ ರಾಷ್ಟ್ರಗಳು ಕೂಡಿ ‘ಯೂರೆಸ್’ ಎಂಬುದನ್ನು ನಡೆಸುತ್ತವೆ. ಬ್ರಿಟನ್ನಿನ ಗೃಹ ಇಲಾಖೆಯು, ಹೊರದೇಶದವರನ್ನು ನೇಮಿಸಿಕೊಳ್ಳಲು ಪರವಾನಗಿ ಪಡೆದ ಸಂಸ್ಥೆಗಳ ಹೆಸರುಗಳನ್ನು ಎಲ್ಲರಿಗೂ ಕಾಣುವಂತೆ ಇರಿಸಿದೆ. ಅಲ್ಲಿಂದ ಕರೆ ಬಂದಿದೆಯೆಂದು ಯಾರಾದರೂ ಪತ್ರ ತೋರಿಸಿದರೆ, ಆ ಸಂಸ್ಥೆಯ ಹೆಸರು ಪಟ್ಟಿಯಲ್ಲಿದೆಯೇ ಎಂದು ನೋಡಲು ಐದು ನಿಮಿಷ ಸಾಕು.

ಜರ್ಮನಿಯ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡಬಹುದು. ಆ ದೇಶದಲ್ಲಿ ವೃದ್ಧರ ಪ್ರಮಾಣ ಹೆಚ್ಚುತ್ತಿದ್ದು, ಹಲವು ವೃತ್ತಿಗಳಿಗೆ ಜನ ಸಾಲದಾಗಿದ್ದಾರೆ. ಆದುದರಿಂದ 2024ರ ಜೂನ್ 1ರಿಂದ ಅಲ್ಲಿಯ ಸರ್ಕಾರವು ‘ಅವಕಾಶ ಪತ್ರ’ ಎಂಬ ಅರ್ಥದ ಒಂದು ಅನುಮತಿಯನ್ನು ಕೊಡತೊಡಗಿತು. ಇದನ್ನು ಪಡೆದವನು ಅಲ್ಲಿಯೇ ಒಂದು ವರ್ಷದವರೆಗೆ ಇದ್ದು ಕೆಲಸ ಹುಡುಕಬಹುದು. ಅಷ್ಟರಲ್ಲಿ ವಾರಕ್ಕೆ ಇಪ್ಪತ್ತು ಗಂಟೆ ದುಡಿಯಲೂಬಹುದು. ಪದವಿಗೆ ಅಲ್ಲಿ ಪೂರ್ಣ ಮಾನ್ಯತೆ ದೊರೆತಿದ್ದರೆ ಸರಿ. ಇಲ್ಲವಾದರೆ ವಯಸ್ಸು, ಭಾಷಾಜ್ಞಾನ, ಅನುಭವ ಮೊದಲಾದವುಗಳಿಗೆ ಅಂಕಗಳನ್ನು ಕೂಡಿಸಿ ಆರು ಅಂಕಗಳಾದರೂ ಬರಬೇಕು. ಅಲ್ಲಿರುವಷ್ಟು ಕಾಲ ಜೀವನ ನಡೆಸಲು ಹಣವಿದೆಯೆಂದೂ ತೋರಿಸಬೇಕು. ನಮ್ಮ ವಿಶ್ವವಿದ್ಯಾನಿಲಯಗಳ ಪದವಿಗೆ ಅಲ್ಲಿ ಯಾವ ಬೆಲೆಯಿದೆ ಎಂಬುದನ್ನು ತಿಳಿಯಲು ‘ಅನಾಬಿನ್’ ಎಂಬ ಮಾಹಿತಿಕೋಶವಿದೆ. ಅದರಲ್ಲಿ ವಿಶ್ವವಿದ್ಯಾನಿಲಯದ ಹೆಸರಿನ ಮುಂದೆ ‘ಎಚ್ ಪ್ಲಸ್’ ಎಂದಿದ್ದರೆ ಅದು ಮಾನ್ಯವಾದ ಸಂಸ್ಥೆ. ವೈದ್ಯ, ದಾದಿ ಮುಂತಾದ ವೃತ್ತಿಗಳಿಗೆ ಇಷ್ಟೇ ಸಾಲದು. ಅಲ್ಲಿಯ ಅಧಿಕಾರಿಗಳಿಂದ ಪ್ರತ್ಯೇಕ ಪರವಾನಗಿ ಬೇಕು. ಅವಕಾಶ ಪತ್ರಕ್ಕೆ ಇಂಗ್ಲಿಷು ಸಾಕಾದರೂ ಹುದ್ದೆಗೆ ಅನೇಕ ವೇಳೆ ಸಾಲದು. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿಯಲು ಕಳೆಯುವ ತಿಂಗಳುಗಳು, ಅರ್ಜಿಗಳನ್ನು ಎಲ್ಲ ದಿಕ್ಕಿಗೂ ತೂರುತ್ತ ಕಳೆಯುವ ತಿಂಗಳುಗಳಿಗಿಂತ ಹೆಚ್ಚು ಫಲವನ್ನು ಕೊಡುತ್ತವೆಂದು ನಮಗೆ ತೋರುತ್ತದೆ.

ಮಧ್ಯವರ್ತಿಯ ಮೂಲಕವೇ ಹೋಗುವವರು ಅವನ ನೋಂದಣಿಯನ್ನು ಮೊದಲು ನೋಡಬೇಕು. ನೋಂದಣಿ ಪಡೆದ ನೇಮಕಾತಿ ಏಜೆಂಟರ ಹೆಸರುಗಳು ವಿದೇಶಾಂಗ ಸಚಿವಾಲಯದ ‘ಇ-ಮೈಗ್ರೇಟ್’ ತಾಣದಲ್ಲಿವೆ. ಅಂಥವರು ಉದ್ಯೋಗಾರ್ಥಿಯಿಂದ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಗಿಂತ ಹೆಚ್ಚನ್ನು ಪಡೆಯುವಂತಿಲ್ಲ. ಪಡೆದುದಕ್ಕೆ ರಸೀದಿಯನ್ನು ಕೊಡಬೇಕು. ಲಕ್ಷಗಳ ಮಾತನ್ನಾಡುವವನು, ರಸೀದಿ ಕೇಳಿದಾಗ ಮಾತು ಬದಲಿಸುವವನು ಯಾರೆಂಬುದನ್ನು ಇದರಿಂದಲೇ ಊಹಿಸಬಹುದು. ಪ್ರವಾಸಿ ವೀಸಾದ ಮೇಲೆ ಹೋಗಿಬಿಡು, ಅಲ್ಲಿ ಅದನ್ನು ಬದಲಿಸಿಕೊಡುತ್ತೇವೆ ಎಂಬ ಮಾತೂ ಇದೇ ಜಾತಿಯದು. ಪ್ರವಾಸಿಯಾಗಿ ಹೋದವನಿಗೆ ಅಲ್ಲಿ ದುಡಿಯುವ ಹಕ್ಕಿಲ್ಲ. ಸಂಬಳ ಬಾರದಿದ್ದರೆ ದೂರು ಕೊಡಲೂ ಅವನು ಅಂಜುತ್ತಾನೆ.

ಓದಿದವರ ವಿವರಗಳೂ ತನ್ನಲ್ಲಿರಬೇಕೆಂದು ಸರ್ಕಾರಕ್ಕೆ ಅನಿಸದೆ ಇರಲಿಲ್ಲ. ಆ ಹದಿನೆಂಟು ರಾಷ್ಟ್ರಗಳಿಗೆ ಉದ್ಯೋಗಕ್ಕೆಂದು ಹೊರಡುವ ಎಲ್ಲರೂ ‘ಇ-ಮೈಗ್ರೇಟ್’ನಲ್ಲಿ ಹೆಸರು ಬರೆಸಲೇಬೇಕೆಂದು 2018ರಲ್ಲಿ ಆಜ್ಞೆಯಾಯಿತು. ಆದರೆ ಆಕ್ಷೇಪಗಳು ಬಂದುದರಿಂದ, ಜಾರಿಗೆ ಬರುವ ಮೊದಲೇ ಅದನ್ನು ತಡೆಹಿಡಿಯಲಾಯಿತು. ಸ್ವಇಚ್ಛೆಯಿಂದ ಹೆಸರು ಬರೆಸುವ ಅವಕಾಶವು ಮಾತ್ರ ಉಳಿಯಿತು. ಅದಕ್ಕೆ ಶುಲ್ಕವಿಲ್ಲ, ಕೆಲಸ ಕೊಡುವವರ ಹೆಸರು, ವಿಳಾಸ, ಹೋಗುವ ಊರು, ಮನೆಯವರ ಸಂಪರ್ಕದ ವಿವರ ಇಷ್ಟನ್ನು ತುಂಬಿದರಾಯಿತು.