ಆಯಿಲ್ ಸಂಪ್ ಸೋರುತ್ತಿದೆಯೇ? ಬಿಗಿಯುವ ಮೊದಲು ನೋಡಿ

ರಾತ್ರಿ ಜೀಪು ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ಅಂಗೈ ಅಗಲದ ಕಪ್ಪು ಕಲೆ ಕಂಡರೆ, ಹಳೆಯ ಗಾಡಿಗೆ ಇದು ಸಹಜವೆಂದು ಅನೇಕ ರೈತರು ಸುಮ್ಮನಾಗುತ್ತಾರೆ. ಇನ್ನು ಕೆಲವರು ಪಾನಾ ಹಿಡಿದು ಕೆಳಗೆ ತೂರಿ, ಸಂಪಿನ ಬೋಲ್ಟುಗಳನ್ನೆಲ್ಲ ಶಕ್ತಿಯಿದ್ದಷ್ಟು ಬಿಗಿಯುತ್ತಾರೆ. ಎರಡೂ ತಪ್ಪು. ಮೊದಲನೆಯದರಿಂದ ಎಂಜಿನ್ ಕೆಡುತ್ತದೆ, ಎರಡನೆಯದರಿಂದ ಸೋರಿಕೆ ಹೆಚ್ಚುತ್ತದೆ.

ಸಂಪ್ ಎಂದರೆ ಎಂಜಿನ್ನಿನ ತಳಕ್ಕೆ ಬೋಲ್ಟುಗಳಿಂದ ಕೂಡಿಸಿದ ತೊಟ್ಟಿ. ಅಲ್ಲಿ ನಿಂತ ಆಯಿಲನ್ನು ಪಂಪು ಜಾಲರಿಯ ಮೂಲಕ ಹೀರಿ ಬೇರಿಂಗುಗಳಿಗೆ ಒದಗಿಸುತ್ತದೆ. ಮಟ್ಟ ತೀರಾ ಇಳಿದು ಪಂಪು ಗಾಳಿ ಹೀರತೊಡಗಿದರೆ ಬೇರಿಂಗುಗಳು ಬೇಗನೆ ಕಾದು ಹಿಡಿದುಕೊಳ್ಳುತ್ತವೆ. ಎದುರಿಗೆ ಕೆಂಪು ದೀಪ ಇದೆಯಲ್ಲ ಎಂದು ನೀವು ಕೇಳಬಹುದು. ಸಾಮಾನ್ಯವಾಗಿ ಆ ದೀಪ ತೋರಿಸುವುದು ಆಯಿಲಿನ ಒತ್ತಡವನ್ನು, ಮಟ್ಟವನ್ನಲ್ಲ. ಓಡುವಾಗ ಅದು ಹತ್ತಿತೆಂದರೆ ಊರು ಮುಟ್ಟುವವರೆಗೂ ಕಾಯದೆ ಎಂಜಿನ್ನನ್ನು ಅಲ್ಲೇ ನಿಲ್ಲಿಸಬೇಕು. ಸೋರುವ ಗಾಡಿಯಲ್ಲಿ ದಿನವೂ ಗೇಜು ಕಡ್ಡಿಯನ್ನು ನೋಡುವುದೇ ಸರಿಯಾದ ರೂಢಿ.

ಸಂಪಿನಿಂದ ತೊಟ್ಟಿಕ್ಕುವ ಆಯಿಲೆಲ್ಲ ಸಂಪಿನದೇ ಆಗಿರಬೇಕಿಲ್ಲ. ಮೇಲಿನ ಟ್ಯಾಪೆಟ್ ಕವರಿನ ಪ್ಯಾಕಿಂಗ್ ಒಣಗಿ ಬಿರಿದಿದ್ದರೆ ಅಲ್ಲಿಂದ ಇಳಿದ ಆಯಿಲ್ ಕಡೆಗೆ ಸಂಪಿನ ಅಂಚಿಗೇ ಬಂದು ನಿಲ್ಲುತ್ತದೆ. ಓಡುವಾಗಿನ ಗಾಳಿ ಅದನ್ನು ಹಿಂದಕ್ಕೂ ಹರಡುತ್ತದೆ. ಆದ್ದರಿಂದ ಎಂಜಿನ್ ಆರಿದ ಮೇಲೆ ತಳವನ್ನೂ ಪಕ್ಕಗಳನ್ನೂ ಬಟ್ಟೆಯಿಂದ ಚೊಕ್ಕಟವಾಗಿ ಒರೆಸಿ ಒಣಗಿಸಿ. ಅನಂತರ ಸ್ವಲ್ಪ ದೂರ ಓಡಿಸಿ ತಂದು ಬ್ಯಾಟರಿ ಬೆಳಕಿನಲ್ಲಿ ನೋಡಿ. ಎಲ್ಲಕ್ಕಿಂತ ಮೇಲೆ ಎಲ್ಲಿ ಹಸಿಯಾಗಿದೆಯೋ ಅಲ್ಲಿ ಮೂಲವನ್ನು ಹುಡುಕಬೇಕು. ಎಂಜಿನ್ ಮತ್ತು ಗೇರುಪೆಟ್ಟಿಗೆ ಕೂಡುವಲ್ಲಿ ತೊಟ್ಟಿಕ್ಕುತ್ತಿದ್ದರೆ ಹಿಂದಿನ ಆಯಿಲ್ ಸೀಲಿನ ದೋಷವಿರಬಹುದು. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಬ್ರೀದರ್ ನಳಿಕೆ ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡಕ್ಕೆ ಎಷ್ಟು ಹೊಸ ಪ್ಯಾಕಿಂಗ್ ಹಾಕಿದರೂ ಸೋರುತ್ತದೆ. ಡ್ರೈನ್ ಬೋಲ್ಟಿನಲ್ಲಿ ಮಾತ್ರ ಹನಿಯುತ್ತಿದ್ದರೆ ನಿಮ್ಮ ಅದೃಷ್ಟ. ಹೊಸ ವಾಷರ್ ಹಾಕಿದರೆ ಸಾಕಾದೀತು.

ಸಂಪನ್ನು ಇಳಿಸಲೇಬೇಕಾದರೆ ಮೊದಲು ನಿಮ್ಮ ಜೀವದ ಯೋಚನೆ ಮಾಡಿ. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಕೂಡದು. ಇಟ್ಟಿಗೆ, ಸೈಜುಗಲ್ಲುಗಳೂ ಒಮ್ಮೆಲೇ ಸಿಡಿದು ಕುಸಿಯಬಹುದು. ಗಟ್ಟಿ ಸಮನೆಲದಲ್ಲಿ ಚಕ್ರಗಳಿಗೆ ತಡೆಯಿಟ್ಟು, ಚಾಸಿಗೆ ಕಬ್ಬಿಣದ ಸ್ಟ್ಯಾಂಡುಗಳನ್ನು ಕೊಟ್ಟು, ಗಾಡಿಯನ್ನು ಅಲುಗಿಸಿ ನೋಡಿದ ಮೇಲೆಯೇ ಕೆಳಗಿಳಿಯಿರಿ. ಆಯಿಲ್ ಉಗುರುಬೆಚ್ಚಗಿರುವಾಗ ಬಸಿಯಬೇಕು. ಕುದಿಯುವಂತಿದ್ದರೆ ಕೈ ಬೇಯುತ್ತದೆ.

ಕಳಚಿದ ಸಂಪಿನ ತಳದ ಕೆಸರನ್ನು ಚೆಲ್ಲುವ ಮುನ್ನ ಬೆರಳಲ್ಲಿ ತಿಕ್ಕಿ ನೋಡಿ. ಹೊಳೆಯುವ ಲೋಹದ ಚಕ್ಕೆಗಳಿದ್ದರೆ ಬೇರಿಂಗು ಸವೆದಿರುವ ಸೂಚನೆ. ಅಂಥ ಎಂಜಿನ್ನನ್ನು ಮೆಕ್ಯಾನಿಕ್ಕಿಗೆ ತೋರಿಸದೆ ಮತ್ತೆ ಮುಚ್ಚಬೇಡಿ.

ಈಗ ಬೋಲ್ಟಿನ ವಿಷಯ. ತಗಡಿನ ಸಂಪಿನ ಅಂಚು ಹಿಂದಿನವರ ಅತಿ ಬಿಗಿತದಿಂದ ಪ್ರತಿ ತೂತಿನ ಸುತ್ತಲೂ ಉಬ್ಬಿಕೊಂಡಿರುತ್ತದೆ. ಬೋಲ್ಟು ಬಿಗಿದಷ್ಟೂ ಆ ಉಬ್ಬು ಎಂಜಿನ್ನಿಗೆ ಒತ್ತಿ, ಎರಡು ಬೋಲ್ಟುಗಳ ನಡುವಿನ ಅಂಚು ಪ್ಯಾಕಿಂಗಿನಿಂದ ದೂರ ಸರಿಯುತ್ತದೆ. ಬಹಳಷ್ಟು ಸೋರಿಕೆಗಳ ಗುಟ್ಟು ಇದೇ. ಅಂಚನ್ನು ಮರದ ದಿಮ್ಮಿಯ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ತಟ್ಟಿ ಸಮ ಮಾಡಿ, ನೇರವಾದ ಪಟ್ಟಿಯಿಟ್ಟು ಪರೀಕ್ಷಿಸಿ. ಹಳೆಯ ಪ್ಯಾಕಿಂಗನ್ನು ಪೂರ್ತಿ ಕೆರೆದು ತೆಗೆಯಿರಿ. ಅಲ್ಯುಮಿನಿಯಂ ಭಾಗವಾದರೆ ಉಕ್ಕಿನ ಚಾಕು ಗೀರು ಮಾಡುತ್ತದೆ. ಬಿದಿರಿನ ಸೀಳು ಒಳ್ಳೆಯದು.

ಪ್ಯಾಕಿಂಗ್ ಪೇಸ್ಟನ್ನು ಧಾರಾಳವಾಗಿ ಬಳಿಯುವುದು ಇನ್ನೊಂದು ಕೆಟ್ಟ ಚಾಳಿ. ಒಳಕ್ಕೆ ಹಿಂಡಿದ ಪೇಸ್ಟು ಗಟ್ಟಿಯಾಗಿ ಕಳಚಿ ಪಂಪಿನ ಜಾಲರಿಯನ್ನು ಮುಚ್ಚಿದರೆ, ಸಂಪು ತುಂಬ ಆಯಿಲಿದ್ದೂ ಬೇರಿಂಗು ಒಣಗುತ್ತದೆ. ಕಾರ್ಖಾನೆಯವರ ಪುಸ್ತಕ ಎಲ್ಲಿ ಹೇಳಿದೆಯೋ ಅಲ್ಲಷ್ಟೇ ತೆಳುವಾಗಿ ಹಚ್ಚಿ.

ಬೋಲ್ಟುಗಳನ್ನೆಲ್ಲ ಮೊದಲು ಬೆರಳಿನಿಂದ ಕೂರಿಸಿ. ಪುಸ್ತಕದಲ್ಲಿ ಬೇರೆ ಕ್ರಮವಿಲ್ಲದಿದ್ದರೆ ನಡುವಿನಿಂದ ಎರಡೂ ತುದಿಗಳ ಕಡೆಗೆ, ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. 6 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ ಸುಮಾರು 1 ಕೆ.ಜಿ.-ಮೀಟರ್ ಬಿಗಿತ ಸಾಕು. ಎಂದರೆ ಗಿಡ್ಡ ಪಾನಾ ಹಿಡಿದು ಮಣಿಕಟ್ಟಿನ ಬಲವಷ್ಟೇ. ಪಾನಾಕ್ಕೆ ಪೈಪು ತೂರಿಸಬಾರದು.

ಕಲ್ಲು ಬಡಿದು ಸಂಪು ಸೀಳಿದ್ದರೆ ಎಂ-ಸೀಲ್ ಮೆತ್ತಿ ನಿಧಾನವಾಗಿ ಊರು ಸೇರಬಹುದು, ವರ್ಷವಿಡೀ ಓಡಿಸಲಾಗದು. ಬೆಸುಗೆ ಹಾಕಿಸುವುದಾದರೆ ಸಂಪನ್ನು ಕಳಚಿ, ಪೂರ್ತಿ ತೊಳೆದೇ ಕೊಡಿ.

ಟ್ರ್ಯಾಕ್ಟರಿನ ಮಾತು ಬೇರೆ. ಅನೇಕ ಟ್ರ್ಯಾಕ್ಟರುಗಳಲ್ಲಿ ಬೀಡು ಕಬ್ಬಿಣದ ಸಂಪೇ ಚಾಸಿಯ ಕೆಲಸ ಮಾಡುತ್ತದೆ, ಮುಂದಿನ ಆಕ್ಸಲಿನ ಭಾರ ಅದರ ಮೇಲಿರುತ್ತದೆ. ಅದನ್ನು ಹೊಲದಲ್ಲಿ ಬಿಚ್ಚಲು ಹೋಗಬೇಡಿ.

ಹೊಸ ಆಯಿಲ್ ತುಂಬಿ ಐದು ನಿಮಿಷ ಓಡಿಸಿ, ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಮಟ್ಟ ನೋಡಿ. ರಾತ್ರಿ ತಳಕ್ಕೆ ಹಳೆಯ ರಟ್ಟು ಹಾಸಿಡಿ. ಬಸಿದ ಆಯಿಲನ್ನು ಬಾವಿಯ ಹತ್ತಿರವಾಗಲಿ, ಗೆದ್ದಲಿಗೆಂದು ತೆಂಗಿನ ಬುಡಕ್ಕಾಗಲಿ ಸುರಿಯದೆ ಡಬ್ಬಿಯಲ್ಲಿ ಮುಚ್ಚಿಟ್ಟು, ಹಳೆಯ ಆಯಿಲ್ ಕೊಳ್ಳುವ ಗ್ಯಾರೇಜಿಗೆ ಕೊಡಿ.