ಉಳಿದ ವೇಳೆಯ ಬೆಲೆ

ಕಡೂರು, ತರೀಕೆರೆ, ಅಜ್ಜಂಪುರಗಳು ಚಿಕ್ಕಮಗಳೂರು ಜಿಲ್ಲೆಯ ತಾಲ್ಲೂಕುಗಳು. ತೆಂಗು, ಅಡಿಕೆ, ರಾಗಿ, ಈರುಳ್ಳಿ ಇಲ್ಲಿನ ಬೆಳೆಗಳು. ಬೆಳೆ ಯಾವುದಾದರೂ ಆಗಲಿ, ಬೆಳೆಸಾಲ ಪಡೆಯಲು ಹೊರಟ ರೈತನಿಗೆ ಪಹಣಿ ಬೇಕೇ ಬೇಕು. ಜಮೀನು ಯಾರದು, ಅದರ ವಿಸ್ತೀರ್ಣವೆಷ್ಟು, ಅದರಲ್ಲಿ ಬೆಳೆದಿರುವುದೇನು ಎಂಬುದನ್ನು ತಿಳಿಸುವ ದಾಖಲೆಯೇ ಪಹಣಿ.

ಹಿಂದೆ ಗ್ರಾಮಲೆಕ್ಕಿಗರು ಪಹಣಿಗಳನ್ನು ಕೈಯಿಂದಲೇ ಬರೆಯುತ್ತಿದ್ದರು. ಒಬ್ಬ ಲೆಕ್ಕಿಗನ ಹೊಣೆಗೆ ಹಲವು ಹಳ್ಳಿಗಳು ಸೇರಿರುತ್ತಿದ್ದವು. ಆತನು ಬೇರೊಂದು ಊರಿಗೆ ಹೋಗಿದ್ದರೆ, ಪಹಣಿಗಾಗಿ ಬಂದ ರೈತನ ಒಂದು ದಿನದ ದುಡಿಮೆ ವ್ಯರ್ಥವಾಗುತ್ತಿತ್ತು. ಲೆಕ್ಕಿಗನ ವೇಳೆಯೂ ನಕಲು ಮಾಡುವುದರಲ್ಲಿಯೇ ಸವೆಯುತ್ತಿತ್ತು.

2000ದ ಸುಮಾರಿಗೆ ಕರ್ನಾಟಕ ಸರ್ಕಾರವು 'ಭೂಮಿ' ಯೋಜನೆಯನ್ನು ಜಾರಿಗೆ ತಂದಿತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ದಿನಗಟ್ಟಲೆ ಕಾಯಬೇಕಾಗಿದ್ದ ನಕಲು ಕೆಲವೇ ನಿಮಿಷಗಳಲ್ಲಿ ದೊರೆಯತೊಡಗಿತು.

ಭೂಮಿಯ ಗಣಕಯಂತ್ರವು ಬರೆದಿಟ್ಟದ್ದನ್ನು ಮಾತ್ರ ಮುದ್ರಿಸಿ ಕೊಡುತ್ತಿತ್ತು. ಇಂದಿನ ಕೃತಕ ಬುದ್ಧಿಮತ್ತೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪತ್ರದ ಕರಡನ್ನು ಸಿದ್ಧಪಡಿಸಬಲ್ಲದು. ದೀರ್ಘ ವರದಿಯನ್ನು ಸಂಗ್ರಹಿಸಬಲ್ಲದು. ಭಾರತ ಸರ್ಕಾರವು 2022ರಲ್ಲಿ ಆರಂಭಿಸಿದ 'ಭಾಷಿಣಿ'ಯು ಕನ್ನಡವೂ ಸೇರಿದಂತೆ ನಮ್ಮ ದೇಶದ ಅನೇಕ ಭಾಷೆಗಳ ನಡುವೆ ಅನುವಾದ ಮಾಡುತ್ತದೆ. ಇಂತಹ ಸಾಧನಗಳಿಂದ ಕಚೇರಿಯ ಕೆಲಸಗಾರನಿಗೆ ದಿನವೂ ಒಂದೆರಡು ಗಂಟೆ ಉಳಿಯಿತೆನ್ನೋಣ. ಆ ವೇಳೆಯನ್ನು ಆತನು ಯಾವುದಕ್ಕೆ ಬಳಸಬೇಕು?

ಒಂದು ಉದಾಹರಣೆಯನ್ನು ನೋಡಬಹುದು. ಪತಿಯನ್ನು ಕಳೆದುಕೊಂಡ ಹೆಣ್ಣುಮಗಳೊಬ್ಬಳು ಪಹಣಿ ಕೇಳುತ್ತಾಳೆ. ಖಾತೆ ಬದಲಾಗದಿದ್ದರೆ, ಯಂತ್ರವು ತೀರಿಕೊಂಡವನ ಹೆಸರನ್ನೇ ಅಚ್ಚುಕಟ್ಟಾಗಿ ಮುದ್ರಿಸಿಕೊಡುತ್ತದೆ. ನೂರು ಬಾರಿ ಕೇಳಿದರೂ ಅದನ್ನೇ ಕೊಡುತ್ತದೆ. ಆ ಕಾಗದದಿಂದ ಅವಳಿಗೆ ಸಾಲ ಹುಟ್ಟದು. ವಾರಸುದಾರರು ಯಾರೆಂದು ವಿಚಾರಿಸಿ, ಅಣ್ಣತಮ್ಮಂದಿರ ತಕರಾರನ್ನು ಕೇಳಿ, ಅವಳ ಪಾಲಿನ ಹಕ್ಕು ದಾಖಲಾಗುವಂತೆ ಮಾಡಲು ಮನುಷ್ಯನೇ ಮುಂದಾಗಬೇಕು. ಯಂತ್ರವು ಬರೆದುಕೊಟ್ಟ ಕರಡಿನಲ್ಲಿ ತಪ್ಪು ನುಸುಳಿದ್ದರೆ, ಅದನ್ನು ಕಂಡು ತಿದ್ದುವ ಹೊಣೆಯೂ ಅವನದೇ.

ನಕಲು ಮಾಡುವ ಶ್ರಮವನ್ನು ಯಂತ್ರಕ್ಕೆ ವಹಿಸುವುದು ಸೋಮಾರಿತನವಲ್ಲ, ವಿವೇಕ. ಆದರೆ ಹಾಗೆ ಉಳಿದ ವೇಳೆಯಲ್ಲಿ ಮತ್ತಷ್ಟು ಕಡತಗಳನ್ನೇ ಪೇರಿಸಿದರೆ ಗಳಿಸಿದ್ದೇನೂ ಇಲ್ಲ. ಬಾಗಿಲಲ್ಲಿ ನಿಂತವರ ಮಾತನ್ನು ತಾಳ್ಮೆಯಿಂದ ಕೇಳುವುದಕ್ಕೆ ಅದು ಸಂದರೆ ಮಾತ್ರ, ಯಂತ್ರವು ಉಳಿಸಿಕೊಟ್ಟ ವೇಳೆಗೆ ಬೆಲೆ ಬರುತ್ತದೆ.